ಕೇಳದೆ ಕೊಟ್ಟ ಮಾತ್ರೆ

ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವನಿಗೆ ನಮ್ಮ ಕಡೆ ಒಂದು ಬಿರುದು ತಾನಾಗಿಯೇ ಬರುತ್ತದೆ. ‘ಡಾಕ್ಟ್ರೆ’ ಎನ್ನುತ್ತಾರೆ. ನಾನು ಡಿ.ಫಾರ್ಮಾ ಓದಿದವನು, ಡಾಕ್ಟರಲ್ಲ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಕಾರ್ಕಳ ತಾಲೂಕಿನ ಹಳ್ಳಿಯಿಂದ ಬಂದು, ಮಣಿಪಾಲದ ಟೈಗರ್ ಸರ್ಕಲ್‌ನಿಂದ ಪರ್ಕಳದ ಕಡೆ ಹೋಗುವ ರಸ್ತೆಬದಿಯ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತವನಿಗೆ ಆ ಕರೆ ಹಿತವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಆದದ್ದರಲ್ಲಿ ಆ ಹಿತದ ಪಾಲೂ ಇದೆ.

ಸಂಜೆಯಾದರೆ ಅಂಗಡಿಯ ಮುಂದೆ ಜನ ಒತ್ತಿ ನಿಲ್ಲುತ್ತಾರೆ. ಹಾಸ್ಟೆಲಿನ ಮಕ್ಕಳು, ಕಟ್ಟಡದ ಕೆಲಸಕ್ಕೆ ಬಾಗಲಕೋಟೆ, ಗದಗದಿಂದ ಬಂದವರು, ಡ್ಯೂಟಿ ಮುಗಿಸಿದ ಬಸ್ ಕಂಡಕ್ಟರ್, ಪೇಟೆಗೆ ಬಂದು ಮನೆಗೆ ಹೊರಟ ಹೆಂಗಸರು. ‘ತಲೆನೋವಿದು ಎರಡು ಕೊಡಿ’, ‘ಮೊನ್ನೆ ಕೊಟ್ಟದ್ದೇ ಕೊಡಿ’, ‘ಹಲ್ಲುನೋವು ಮಾರಾಯ್ರೆ, ಪವರಿಂದು ಕೊಡಿ’. ಯಾರೂ ಮಾತ್ರೆಯ ಹೆಸರು ಹೇಳುವುದಿಲ್ಲ. ಕೆಂಪಿದು, ಹಳದಿದು, ಉದ್ದದ್ದು. ನಾನು ಸ್ಟ್ರಿಪ್ ತೆಗೆದು, ಕತ್ತರಿಯಿಂದ ಬೇಕಾದಷ್ಟು ತುಂಡು ಮಾಡಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದೆ. ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸಿದರೆ ಔಷಧಿಯ ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ. ಗಿರಾಕಿಯ ಪಾಲಿಗೆ ಬಂದ ತುಂಡಿನಲ್ಲಿ ಕೆಲವು ಸಲ ಎರಡೂ ಇರುವುದಿಲ್ಲ. ಇಷ್ಟು ಸಣ್ಣ ಸಂಗತಿ ಮುಂದೆ ಎಷ್ಟು ದೊಡ್ಡದಾಗುತ್ತದೆಂದು ಆಗ ಯೋಚಿಸಿರಲಿಲ್ಲ.

ಕಾನೂನು ಗೊತ್ತಿರಲಿಲ್ಲವೆಂದಲ್ಲ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಎಂಬ ಪಟ್ಟಿ ಇದೆ. ಅದರಲ್ಲಿರುವುದನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ದಿನಕ್ಕೆ ಅದೆಷ್ಟೋ ಸಲ ನಾನು ಕತ್ತರಿಸುತ್ತಿದ್ದ ಡೈಕ್ಲೊಫೆನಾಕ್ ಆ ಪಟ್ಟಿಯಲ್ಲೇ ಇದೆ. ಹಾಗೆಂದು ಸ್ಟ್ರಿಪ್ಪಿನ ಬೆನ್ನ ಮೇಲೆ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ಕೌಂಟರಿನ ಈಚೆಯವನು ಓದುವುದಿಲ್ಲ, ಆಚೆಯವರಿಗೆ ಓದಲಾಗುವುದಿಲ್ಲ.

ನನ್ನ ಸ್ವಂತ ಮಾತ್ರೆಯ ಕಥೆ ಮೊದಲು ಹೇಳುತ್ತೇನೆ. ನನಗೆ ಹುಡುಗನಾಗಿದ್ದಾಗಿನಿಂದ ಅರೆತಲೆನೋವು. ಮೊದಲು ಅಪರೂಪಕ್ಕೆ ಬರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಮಲಗಿದರೆ ಹೋಗುತ್ತಿತ್ತು. ಅಂಗಡಿಗೆ ಸೇರಿದ ಮೇಲೆ ಮಲಗಲು ಬಿಡುವೆಲ್ಲಿ? ಬೆಳಗ್ಗಿನಿಂದ ರಾತ್ರಿಯವರೆಗೆ ಟ್ಯೂಬ್‌ಲೈಟಿನ ಕೆಳಗೆ ನಿಂತು ಕೆಲಸ. ಉಡುಪಿಯಲ್ಲಿ ಪರ್ಯಾಯ ಉತ್ಸವ ನಡೆಯುವ ಜನವರಿಯಲ್ಲಂತೂ ಊಟಕ್ಕೂ ಹೊತ್ತು ಸಿಗುತ್ತಿರಲಿಲ್ಲ. ಕತ್ತರಿಸಿ ಉಳಿದ ತುಂಡುಗಳನ್ನು ಹಾಕುವ ಒಂದು ಡ್ರಾಯರ್ ಇತ್ತು. ಅದರಿಂದ ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಸೇರಿದ ಮಾತ್ರೆಯೊಂದನ್ನು ನುಂಗಿದರೆ ಅರ್ಧ ಗಂಟೆಯಲ್ಲಿ ತಲೆ ಹಗುರ. ಬರಬರುತ್ತಾ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಆಮೇಲೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ ಒಂದು. ನೋವು ಬಂದಿರಲಿಲ್ಲ, ಬಂದೀತು ಎಂಬ ಹೆದರಿಕೆಗೇ ನುಂಗುತ್ತಿದ್ದೆ. ‘ನಿಮ್ಮ ಅಂಗಿ ಒಗೆಯುವಾಗ ಕಿಸೆಯಲ್ಲಿ ಬರೀ ಖಾಲಿ ಸ್ಟ್ರಿಪ್ ಸಿಗ್ತದೆ’ ಎಂದು ಹೆಂಡತಿ ಹೇಳಿದಾಗ ಸಿಟ್ಟಾಗಿದ್ದೆ. ಮೆಡಿಕಲ್‌ನವನಿಗೆ ಮಾತ್ರೆಯ ವಿಷಯ ಹೇಳಿಕೊಡುವುದೇ ಎಂದು.

ಕೊನೆಗೆ ತಲೆನೋವಿಲ್ಲದ ದಿನವೇ ಇಲ್ಲವೆಂಬಂತಾಯಿತು. ಮೆದುಳಲ್ಲಿ ಗಡ್ಡೆಯಿರಬಹುದೇ ಎಂದು ಹೆದರಿ ನರರೋಗ ತಜ್ಞರ ಬಳಿ ಹೋದೆ. ನೋವು ಎಷ್ಟು ದಿನ ಇರುತ್ತದೆಂದು ಅವರು ಕೇಳಲಿಲ್ಲ. ‘ತಿಂಗಳಲ್ಲಿ ಮಾತ್ರೆ ತಗೊಳ್ಳದ ದಿನ ಎಷ್ಟು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಔಷಧಿಯ ಅತಿಬಳಕೆಯಿಂದಲೇ ಹುಟ್ಟುವ ತಲೆನೋವು ಅದು. ಮೊದಲೇ ತಲೆನೋವಿನ ಪ್ರಕೃತಿ ಇದ್ದವರು ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಒಂಟಿ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಎರಡು ಮೂರು ಔಷಧಿ ಸೇರಿದ ಜೋಡಿ ಮಾತ್ರೆಯನ್ನಾದರೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ಮೀರಿ ನುಂಗುತ್ತಾ ಬಂದು, ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವೇ ಆದರೆ ಈ ರೋಗವೆಂದು ಗುರುತಿಸುತ್ತಾರೆ. ಪದೇಪದೇ ಅದುಮಿದ ನೋವಿನ ನರಜಾಲ ಇನ್ನಷ್ಟು ಸೂಕ್ಷ್ಮವಾಗಿ, ಮಾತ್ರೆಯ ಪ್ರಭಾವ ಇಳಿದೊಡನೆ ಮತ್ತೆ ಕೂಗತೊಡಗುತ್ತದೆ. ಅದಕ್ಕೆ ಮತ್ತೊಂದು ಮಾತ್ರೆ. ಇದಕ್ಕೆ ಚಿಕಿತ್ಸೆಯೆಂದರೆ ಮಾತ್ರೆ ನಿಲ್ಲಿಸುವುದು. ಹೇಳಲು ಸುಲಭ. ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಇಳಿಯುವ ಬದಲು ಏರುತ್ತದೆ. ವಾಂತಿ ಬರುತ್ತದೆ, ನಿದ್ದೆ ಹೋಗುತ್ತದೆ. ನನಗೆ ಕೆಫೀನಿನ ಚಟವೂ ಸೇರಿಕೊಂಡಿದ್ದರಿಂದ ಆ ವಾರ ಅಂಗಡಿಗೆ ರಜೆ ಹಾಕಿ, ಕಿಟಕಿಗೆ ಚಾದರ ಕಟ್ಟಿ ಮಲಗಿದ್ದೆ. ನೋವು ಬಾರದಂತೆ ತಡೆಯಲು ಡಾಕ್ಟರು ಬೇರೆ ಔಷಧಿ ಕೊಟ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಕೆಂಪು, ಮಾತ್ರೆ ತಗೊಂಡ ದಿನಕ್ಕೆ ನೀಲಿ ಗುರುತು ಹಾಕಲು ಹೇಳಿದರು. ಸಂಕಷ್ಟಿ, ಏಕಾದಶಿಗಳ ನಡುವೆ ಆ ಚುಕ್ಕಿಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾದವು.

ತಲೆ ಸರಿಯಾಯಿತು. ಕೈ ಸರಿಯಾಗಲಿಲ್ಲ. ನನ್ನ ಕಿಸೆಯ ಮಾತ್ರೆಯನ್ನು ಬಿಟ್ಟ ನಾನು, ಎದುರು ಚಾಚಿದ ಕೈಗಳಿಗೆ ಕತ್ತರಿಸಿ ಕೊಡುವುದನ್ನು ಬಿಡಲಿಲ್ಲ. ನನಗಾದದ್ದು ನನ್ನ ತಲೆಯ ದೋಷವೆಂದುಕೊಂಡೆ. ಡಾಕ್ಟರು ನನ್ನನ್ನು ಕೇಳಿದ ಆ ಒಂದು ಪ್ರಶ್ನೆಯನ್ನು ನಾನು ಒಬ್ಬ ಗಿರಾಕಿಯನ್ನೂ ಕೇಳಲಿಲ್ಲ. ನಾನು ನಿಜವಾಗಿ ಸೋತದ್ದು ಇಲ್ಲಿ.

ಪರ್ಕಳದ ಆಚೆಯಿಂದ ಬರುತ್ತಿದ್ದ ಒಬ್ಬ ಅಕ್ಕ ಬೀಡಿ ಕಟ್ಟುವವರು. ಉಡುಪಿ, ಕಾರ್ಕಳದ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು ಬೀಡಿಯಿಂದಲೇ ನಡೆದದ್ದು. ಕೂರುವ ರೀತಿ ನೋಡಿದವರಿಗೆ ಗೊತ್ತು: ನೆಲದ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಗೆರಸೆ ಇಟ್ಟು, ಕುತ್ತಿಗೆ ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಕಟ್ಟುವುದು. ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕ. ಎದ್ದರೆ ಬೀಡಿ ಕಡಿಮೆ. ಹಾಗಾಗಿ ಎದ್ದೇಳುವುದಿಲ್ಲ. ಬ್ರಾಂಚಿಗೆ ಬೀಡಿ ಕೊಟ್ಟು ದುಡ್ಡು ಬಂದ ವಾರ ಅಂಗಡಿಗೆ ಬಂದು ‘ಸೊಂಟದ್ದು ಕೊಡಿ ಡಾಕ್ಟ್ರೆ’ ಎನ್ನುತ್ತಿದ್ದರು. ನಾನು ಡೈಕ್ಲೊಫೆನಾಕ್ ಕತ್ತರಿಸುತ್ತಿದ್ದೆ. ಹೊಟ್ಟೆಯುರಿ ಎಂದಾಗ ಗ್ಯಾಸಿನ ಮಾತ್ರೆಯನ್ನೂ ಸೇರಿಸಿ ಕೊಟ್ಟೆ, ಅಲ್ಲಿಗೆ ಎಚ್ಚರಿಕೆ ಮುಗಿಯಿತೆಂದುಕೊಂಡೆ. ಗ್ಯಾಸಿನ ಮಾತ್ರೆ ಜಠರವನ್ನು ಒಂದಿಷ್ಟು ಕಾಯುತ್ತದೆ. ಮೂತ್ರಪಿಂಡವನ್ನು ಕಾಯುವುದಿಲ್ಲ.

ಅವರಿಗೆ ಬಿ.ಪಿ. ಇತ್ತು. ಅದರ ಚೀಟಿಯೂ ನಮ್ಮ ಅಂಗಡಿಗೇ ಬರುತ್ತಿತ್ತು. ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೊರೊಥಯಾಜೈಡ್. ಚೀಟಿಯ ಮಾತ್ರೆಯನ್ನೂ ಚೀಟಿ ಇಲ್ಲದ ಮಾತ್ರೆಯನ್ನೂ ಒಂದೇ ಕವರಿನಲ್ಲಿ ಹಾಕಿ ಕೊಟ್ಟವನು ನಾನೇ.

ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವರಿಗೆ ವಾಂತಿಭೇದಿ ಶುರುವಾಯಿತಂತೆ. ಮಾತ್ರೆ ತಪ್ಪಿಸಬಾರದೆಂದು ಎಲ್ಲವನ್ನೂ ನುಂಗಿದ್ದಾರೆ, ಮೈಕೈ ನೋವಿಗೆಂದು ನೋವಿನದ್ದನ್ನು ಇನ್ನೊಂದು ಹೆಚ್ಚೇ. ಮುಖ ಬಾತು, ಮೂತ್ರ ಕಡಿಮೆಯಾದಾಗ ಮಗ ಆಸ್ಪತ್ರೆಗೆ ಸೇರಿಸಿದ. ಒಂದು ಮಧ್ಯಾಹ್ನ ಆ ಹುಡುಗ ಅಂಗಡಿಗೆ ಓಡಿ ಬಂದ. ಸ್ಟೀಲಿನ ಡಬ್ಬಿಯನ್ನು ಕೌಂಟರಿನ ಮೇಲೆ ಬಗ್ಗಿಸಿದ. ನಾನು ಕತ್ತರಿಸಿ ಕೊಟ್ಟ ತುಂಡುಗಳೇ, ಒಂದಷ್ಟು. ‘ಇದರ ಹೆಸರೇನು? ಡಾಕ್ಟ್ರು ಕೇಳ್ತಿದ್ದಾರೆ. ಇದರಲ್ಲಿ ಬರೆದಿಲ್ಲ.’ ನನಗೆ ಬಣ್ಣ ನೋಡಿದರೆ ಹೆಸರು ಗೊತ್ತು. ಅಲ್ಲಿ ವಾರ್ಡಿನಲ್ಲಿದ್ದ ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಹೆಸರು ಹೇಳಿದೆ, ಅವನು ಫೋನಿನಲ್ಲಿ ಬರೆದುಕೊಂಡು ಹೋದ. ಎಷ್ಟು ಸಮಯದಿಂದ ಕೊಡ್ತಿದ್ದೀರಿ ಎಂದು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಬಿಲ್ಲೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೇಳಿದ್ದನ್ನು ನಾನು ಡಿ.ಫಾರ್ಮಾದಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪಡೆದವರಲ್ಲಿ ಅವರೊಬ್ಬರು. ದೇಹ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸುವುದನ್ನು ಈ ಬಗೆಯ ಮಾತ್ರೆಗಳು ತಡೆಯುತ್ತವೆ. ನೋವು, ಊತ ಇಳಿಯುವುದು ಅದರಿಂದ. ಆದರೆ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುವುದೂ ಅದೇ ಪ್ರೊಸ್ಟಗ್ಲಾಂಡಿನ್. ಮೂತ್ರಪಿಂಡದ ಜರಡಿಗೆ ರಕ್ತ ತರುವ ನಾಳವನ್ನು, ಕಷ್ಟದ ಸಮಯದಲ್ಲಿ, ಅಗಲವಾಗಿ ಇಡುವುದೂ ಅದೇ. ತೋಟಕ್ಕೆ ಬಿಟ್ಟ ಪೈಪಿನಲ್ಲಿ ಒತ್ತಡ ನಿಲ್ಲಬೇಕಾದರೆ ನೀರು ಬರುವ ಬಾಯಿ ಅಗಲ ಇರಬೇಕು, ಹೋಗುವ ಬಾಯಿ ಬಿಗಿ ಇರಬೇಕು, ಟ್ಯಾಂಕಿಯಲ್ಲಿ ನೀರೂ ಇರಬೇಕಷ್ಟೆ. ಆ ಅಕ್ಕನ ಬಿ.ಪಿ. ಮಾತ್ರೆ ಹೋಗುವ ಬಾಯನ್ನು ಸಡಿಲಿಸಿತ್ತು, ಮೂತ್ರದ ಮಾತ್ರೆ ಮತ್ತು ಭೇದಿ ಸೇರಿ ನೀರನ್ನು ಕಡಿಮೆ ಮಾಡಿದ್ದವು, ನಾನು ಕೊಟ್ಟದ್ದು ಬರುವ ಬಾಯನ್ನು ಕಿರಿದು ಮಾಡಿತು. ಬಿ.ಪಿ.ಯ ಔಷಧಿಯಲ್ಲಿ ದೋಷವಿರಲಿಲ್ಲ, ಅದು ಅವರಿಗೆ ಬೇಕೇ ಬೇಕಾಗಿತ್ತು. ಬೇಡವಾಗಿದ್ದದ್ದು ಮೂರನೆಯದು.

ರಕ್ತದ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಡಯಾಲಿಸಿಸ್‌ವರೆಗೆ ಹೋಗಲಿಲ್ಲ. ನೋವಿನ ಮಾತ್ರೆ ನಿಲ್ಲಿಸಿ, ಡ್ರಿಪ್ ಕೊಟ್ಟು, ದಿನಗಳ ಮೇಲೆ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಈಗಲೂ ಆಗಾಗ ರಕ್ತ ಕೊಟ್ಟು ನೋಡಿಸಬೇಕು. ಮೂತ್ರಪಿಂಡದ ಸ್ವಭಾವವೇ ಹಾಗೆ. ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗುವವರೆಗೆ ಕ್ರಿಯಾಟಿನಿನ್ ಏರದೆ ಇರಬಹುದು. ಸೊಂಟದ ನೋವು ಬೊಬ್ಬೆ ಹಾಕುತ್ತದೆ, ಮೂತ್ರಪಿಂಡ ಬಾಯಿ ಬಿಡುವುದಿಲ್ಲ.

ಬಿಡುಗಡೆಯಾಗಿ ಬಂದ ಮೇಲೆ ಒಂದು ದಿನ ಅವರೇ ಅಂಗಡಿಗೆ ಬಂದರು. ಬೈಯುತ್ತಾರೆಂದುಕೊಂಡಿದ್ದೆ. ‘ನೀವು ಕೊಟ್ಟದ್ದಲ್ವಾ, ಅದಕ್ಕೆ ಧೈರ್ಯದಲ್ಲಿ ತಿಂದದ್ದು’ ಎಂದರು, ತುಳುವಿನಲ್ಲಿ, ಯಾವ ಸಿಟ್ಟೂ ಇಲ್ಲದೆ. ಡಾಕ್ಟ್ರೆ ಎಂದು ಕರೆಸಿಕೊಂಡದ್ದರ ಭಾರ ಎಷ್ಟೆಂದು ಆಗ ತಿಳಿಯಿತು.

ಆ ಮೇಲೆ ಓದಲು ಕುಳಿತೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಳೆಯ ಪುಸ್ತಕ, ಹೊಸ ಪುಸ್ತಕ. 1953ರಲ್ಲಿ, ಇಲ್ಲಿ ಟಿ.ಎಂ.ಎ. ಪೈಗಳು ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ವರ್ಷವೇ, ಸ್ಪ್ಯೂಲರ್ ಮತ್ತು ಝೊಲ್ಲಿಂಗರ್ ಎಂಬ ಸ್ವಿಸ್ ವೈದ್ಯರು ನೋವಿನ ಔಷಧಿಯ ದೀರ್ಘಬಳಕೆಗೂ ಮೂತ್ರಪಿಂಡದ ರೋಗಕ್ಕೂ ಇರುವ ನಂಟನ್ನು ಬರೆದಿದ್ದರು. ಅಲ್ಲಿನ ಗಡಿಯಾರದ ಕಾರ್ಖಾನೆಗಳಲ್ಲಿ ಕುತ್ತಿಗೆ ಬಗ್ಗಿಸಿ ಸಣ್ಣ ಸಣ್ಣ ಚಕ್ರ ಜೋಡಿಸುತ್ತಿದ್ದ ಹೆಂಗಸರು ತಲೆನೋವಿಗೆಂದು ಫೆನಾಸಿಟಿನ್ ಸೇರಿದ ಪುಡಿ, ಮಾತ್ರೆಗಳನ್ನು ದಿನವೂ ನುಂಗುತ್ತಿದ್ದರು. ಕೆಲಸ ನಿಲ್ಲಬಾರದೆಂದು. ಓದುತ್ತಾ ನನಗೆ ಕಂಡದ್ದು ಸ್ವಿಟ್ಜರ್ಲೆಂಡ್ ಅಲ್ಲ, ಪರ್ಕಳದ ಜಗುಲಿ. ಫೆನಾಸಿಟಿನ್ ಆಮೇಲೆ ಮಾರುಕಟ್ಟೆಯಿಂದ ಹೋಯಿತು. ಕೆಲಸ ನಿಲ್ಲಬಾರದೆಂದು ಮಾತ್ರೆ ನುಂಗುವ ಬದುಕು ಹೋಗಲಿಲ್ಲ.

ಇನ್ನೊಂದು ಸಂಗತಿಯೂ ಮನಸ್ಸಿನಿಂದ ಹೋಗುವುದಿಲ್ಲ. ನಮ್ಮ ದೇಶದ ರಣಹದ್ದುಗಳನ್ನು ಹತ್ತಿರ ಹತ್ತಿರ ಬರಿದು ಮಾಡಿದ್ದು ಇದೇ ಡೈಕ್ಲೊಫೆನಾಕ್. ದನಗಳಿಗೆ ಕೊಟ್ಟ ಔಷಧಿ, ಸತ್ತ ದನದ ಮಾಂಸ ತಿಂದ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸಿತು. ಪಶುವೈದ್ಯದಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯನ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಸುದ್ದಿ ಓದಿದ ದಿನವೂ ನನ್ನ ಕತ್ತರಿ ನಿಂತಿರಲಿಲ್ಲ ಎನ್ನುವುದು ನಿಜ.

ಸರ್ಕಾರದ ಕಡೆಯಿಂದ ನಿಷೇಧಗಳು ಬರುತ್ತಲೇ ಇರುತ್ತವೆ. 2016ರಲ್ಲಿ 344 ಜೋಡಿ ಔಷಧಿ, 2024ರ ಆಗಸ್ಟಿನಲ್ಲಿ ಮತ್ತೆ 156, ಅದರಲ್ಲಿ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್‌ನ ಒಂದು ಜೋಡಿಯೂ ಇತ್ತು. ಹಾಸ್ಟೆಲಿನ ಹುಡುಗಿಯರು ಮುಟ್ಟಿನ ಹೊಟ್ಟೆನೋವಿಗೆ ಕೇಳುವ ಮೆಫೆನಾಮಿಕ್ ಆ್ಯಸಿಡ್ ಬಗ್ಗೆ 2023ರ ನವೆಂಬರಿನಲ್ಲಿ ಎಚ್ಚರಿಕೆ ಬಂತು: ಅಪರೂಪಕ್ಕೆ ಜ್ವರ, ಮೈಮೇಲೆ ಗಂದೆ, ಒಳ ಅಂಗಗಳಿಗೂ ತಟ್ಟುವ ತೀವ್ರ ಅಲರ್ಜಿ ಆಗಬಹುದೆಂದು. ಆದೇಶ ಬಂದಾಗ ಕಪಾಟು ಖಾಲಿ ಮಾಡುತ್ತೇವೆ. ಆದರೆ ಎದುರು ನಿಂತವರಿಗೆ ಬೇರೆ ಏನು ಕಾಯಿಲೆ ಉಂಟೆಂದು ಯಾವ ಆದೇಶವೂ ನಮಗೆ ಹೇಳುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ನಮ್ಮ ಹಿರಿಯರಿಗೆ ಔಷಧಿಯ ಭಯಭಕ್ತಿ ಇರಲಿಲ್ಲವೆಂದು ಹೇಳುವಂತಿಲ್ಲ. ಆಟಿ ಅಮಾವಾಸ್ಯೆಯ ದಿನ ಹಾಲೆಮರದ ಕೆತ್ತೆಯ ಕಷಾಯ ಕುಡಿಯುವ ಕ್ರಮ ನೋಡಿ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕು. ಬರಿಹೊಟ್ಟೆಯಲ್ಲಿ ಕುಡಿಯಬೇಕು, ಮೇಲೆ ಮೆಂತ್ಯೆ ಗಂಜಿ. ವರ್ಷಕ್ಕೆ ಒಂದೇ ದಿನ. ಮುಖ್ಯವಾಗಿ ಮರ ಗೊತ್ತಿದ್ದವರೇ ತರಬೇಕು. ಕತ್ತಲಲ್ಲಿ ತಪ್ಪಿ ಕಾಸರಕದ ಕೆತ್ತೆ ತಂದರೆ ಅದು ವಿಷ. ಆ ಅಕ್ಕನ ಮನೆಯಲ್ಲೂ ಮರ ಯಾವುದೆಂದು ಹಗಲಿನಲ್ಲೇ ಗುರುತು ಮಾಡಿ ಬರುತ್ತಾರೆ. ವರ್ಷಕ್ಕೊಮ್ಮೆ ಕುಡಿಯುವುದರ ಮರ ಗೊತ್ತು. ದಿನವೂ ನುಂಗಿದ್ದರ ಹೆಸರು ಗೊತ್ತಿರಲಿಲ್ಲ. ಹೇಳಬೇಕಾದವನು ನಾನಿದ್ದೆ.

ಈಗ ಕತ್ತರಿ ಹಾಕುವಾಗ ಹೆಸರಿನ ಭಾಗವನ್ನು ಗಿರಾಕಿಗೇ ಬಿಡುತ್ತೇನೆ. ಕವರಿನ ಮೇಲೆ ಔಷಧಿಯ ಹೆಸರನ್ನು ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಡೈಕ್ಲೊಫೆನಾಕ್ ಬೇಕಾದರೆ ಚೀಟಿ ತನ್ನಿ ಎನ್ನುತ್ತೇನೆ. ನೋವು ಎಷ್ಟು ದಿನದಿಂದ, ಬಿ.ಪಿ., ಶುಗರ್, ಅಸ್ತಮಾ, ಹೊಟ್ಟೆಹುಣ್ಣು ಏನಾದರೂ ಉಂಟಾ, ರಕ್ತ ತೆಳು ಮಾಡುವ ಮಾತ್ರೆ ನಡೀತಾ ಉಂಟಾ, ಮಲ ಕಪ್ಪಾಗಿದೆಯಾ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಅವರಿಗೆ ಬಸ್ ಹಿಡಿಯಬೇಕು, ನಾಳೆ ಕೂಲಿಗೆ ಹೋಗಬೇಕು, ಒಪಿಡಿಯಲ್ಲಿ ಅರ್ಧ ದಿನ ಕೂತರೆ ಸಂಬಳ ಹೋಗುತ್ತದೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಅಂಗಡಿಯ ಯಜಮಾನರಿಗೆ ವ್ಯಾಪಾರದ ಚಿಂತೆ, ಅದೂ ಸಹಜ. ಹಾಗಿದ್ದರೂ ಕೇಳದೆ ಕೊಡಲು ಇನ್ನು ನನ್ನಿಂದಾಗುವುದಿಲ್ಲ.

ಮಳೆಗಾಲದಲ್ಲಿ ಈ ಪ್ರಶ್ನೆಗಳು ಇನ್ನೂ ಮುಖ್ಯ. ಜೂನ್‌ನಿಂದ ಈಚೆಗೆ ನಮ್ಮ ಜಿಲ್ಲೆಯಲ್ಲಿ ಡೆಂಗಿ, ಇಲಿಜ್ವರ ಎರಡೂ ಇರುತ್ತವೆ. ಗದ್ದೆ, ತೋಟದ ನೀರಿನಲ್ಲಿ ಇಳಿದವರು ಮೈಕೈ ನೋವು, ಜ್ವರವೆಂದು ಬಂದು ‘ಪವರಿಂದು’ ಕೇಳುತ್ತಾರೆ. ಡೆಂಗಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇಲಿಜ್ವರ ಮೂತ್ರಪಿಂಡಕ್ಕೇ ತಗಲುವ ರೋಗ. ಜ್ವರ ಯಾವುದೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ, ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಪ್ಯಾರಾಸಿಟಮಾಲ್‌ಗೂ ಮಿತಿ ಉಂಟು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ, ಕುಡಿಯುವ ಅಭ್ಯಾಸ ಇದ್ದವರಿಗೆ, ಲಿವರ್ ಸರಿಯಿಲ್ಲದವರಿಗೆ ಅಷ್ಟೂ ಸಲ್ಲ. ಶೀತದ ಮಾತ್ರೆ, ಜ್ವರದ ಮಾತ್ರೆ, ತಲೆನೋವಿನ ಮಾತ್ರೆ ಎಂದು ಮೂರು ಬೇರೆ ಹೆಸರಿನಲ್ಲಿ ಅದನ್ನೇ ಮೂರು ಸಲ ನುಂಗುವವರಿದ್ದಾರೆ. ಕವರಿನ ಮೇಲೆ ಹೆಸರು ಬರೆಯುವುದು ಅದಕ್ಕಾಗಿಯೂ ಹೌದು.

ಅಕ್ಕ ಈಗಲೂ ಬೀಡಿ ಕಟ್ಟುತ್ತಾರೆ. ಬಿಡಲು ಅವರಿಂದಾಗದು. ಗೋಡೆಗೆ ಬೆನ್ನು ಕೊಟ್ಟು ಕೂರಲು, ನಡುನಡುವೆ ಎದ್ದು ಅಂಗಳಕ್ಕೆ ಹೋಗಿಬರಲು ಫಿಸಿಯೊಥೆರಪಿಯವರು ಹೇಳಿಕೊಟ್ಟಿದ್ದಾರೆ. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಾರೆ. ತೀರಾ ನೋವಾದರೆ ಡಾಕ್ಟರು ಬರೆದುಕೊಟ್ಟಷ್ಟೇ ಪ್ಯಾರಾಸಿಟಮಾಲ್. ಸಾವಿರದ ಲೆಕ್ಕದಲ್ಲಿ ಬೀಡಿ ಸ್ವಲ್ಪ ಕಡಿಮೆಯಾಗಿದೆ.

ಔಷಧಿಯಿಂದ ತೊಂದರೆಯಾದರೆ ವರದಿ ಮಾಡಲು 2010ರಿಂದ ದೇಶದಲ್ಲೊಂದು ವ್ಯವಸ್ಥೆ ಇದೆ. ಮಣಿಪಾಲದಲ್ಲೂ ಅದರ ಕೇಂದ್ರವಿದೆ. ವೈದ್ಯರಷ್ಟೇ ಅಲ್ಲ, ಮಾತ್ರೆ ತಿಂದವರೇ ತುಂಬಬಹುದಾದ ಫಾರ್ಮ್ ಕನ್ನಡದಲ್ಲೂ ಸಿಗುತ್ತದೆ. ಅಕ್ಕನ ಪರವಾಗಿ ಕುಳಿತು ತುಂಬಿದೆ. ಔಷಧಿಯ ಹೆಸರು ಬರೆದೆ, ಜೊತೆಗೆ ನಡೆಯುತ್ತಿದ್ದ ಬೇರೆ ಔಷಧಿಗಳನ್ನೂ ಬರೆದೆ. ಶುರು ಮಾಡಿದ್ದು ಯಾವಾಗ ಎಂಬಲ್ಲಿ ಪೆನ್ನು ನಿಂತಿತು. ಬಿಲ್ಲಿಲ್ಲದ ಮಾರಾಟಕ್ಕೆ ತಾರೀಕೆಲ್ಲಿ? ‘ಮಗಳ ಮದುವೆಯ ಮೊದಲಿಂದ’ ಎಂದರು ಅಕ್ಕ. ಮದುವೆ ಯಾವ ತಿಂಗಳೆಂದು ಕೇಳಿ, ಅದಕ್ಕಿಂತ ಹಿಂದಿನಿಂದ ಎಂದು ಬರೆದು ಕಳಿಸಿದೆ. ಫಾರ್ಮ್ ತುಂಬಲು ಕಷ್ಟವಾಗುವವರು 1800-180-3024ಕ್ಕೆ ಫೋನ್ ಮಾಡಿಯೂ ಹೇಳಬಹುದು, ದುಡ್ಡು ಬೀಳುವುದಿಲ್ಲ. ಮಾಡುವ ಮೊದಲು ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ, ಹೆಸರಿರುವ ತುಂಡು.